ಎರಡು ಚಂದ್ರರಿದ್ದರೆ ಏಕಾದಶಿ ಯಾವತ್ತು?

ಬ್ರಹ್ಮಾವರದ ನಿವೃತ್ತ ಮಾಷ್ಟ್ರೊಬ್ಬರು ಬರೆಯುತ್ತಾರೆ: "ನಿಮ್ಮ ವಿಜ್ಞಾನ ಕಥೆಗಳನ್ನು ಓದಿ ನನ್ನ ಮೊಮ್ಮಗ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಚಂದ್ರರಿರುವ ಯಾವುದೋ ಊರಿನ ನಕ್ಷೆ ಬರೆಯುತ್ತಾ ಕೂರುತ್ತಾನೆ. ಮನೆ ಮುಂದಿನ ರಸ್ತೆಯ ಹೊಂಡದ ಬಗ್ಗೆ ಬರೆಯುವುದು ಬಿಟ್ಟು ಇಲ್ಲದ ಲೋಕಕ್ಕೆ ಇಷ್ಟು ಪುಟ ಯಾಕೆ? ಇದ್ದದ್ದನ್ನು ಬಿಟ್ಟು ಓಡಿಹೋಗಲು ಮಕ್ಕಳಿಗೆ ನೀವೇ ದಾರಿ ತೋರಿಸಿದ ಹಾಗೆ ಆಗಲಿಲ್ವಾ?"

ಸಂಪಾದಕರ ಉತ್ತರ:

ಮಾಷ್ಟ್ರೇ, ನಮಸ್ಕಾರ. ಹೊಂಡದ ಬಗ್ಗೆಯೂ ಬರೆಯುತ್ತಿದ್ದೇವೆ. ಹೊಂಡಗಳು ಇರುವವರೆಗೂ ಬರೆಯಲಿಕ್ಕಿದೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಮೊಮ್ಮಗನ ಎರಡು ಚಂದ್ರರು.

ಒಂದು ಕೆಲಸ ಮಾಡಿ. ಎರಡನೆಯ ಚಂದ್ರ ಎಷ್ಟು ದೂರದಲ್ಲಿದ್ದಾನೆ ಅಂತ ಅವನನ್ನೇ ಕೇಳಿ. ನಮ್ಮ ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇದ್ದಾನೆ. ಅಷ್ಟೇ ತೂಕದ ಇನ್ನೊಬ್ಬ ಅರ್ಧ ದೂರದಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಆಗ ಉಬ್ಬರ ಏಳಿಸುವ ಎಳೆತ ಎರಡು ಪಟ್ಟಲ್ಲ, 8 ಪಟ್ಟು. ಎರಡರ ಘನ, ನಿಮಗೆ ಹೇಳಬೇಕಾಗಿಲ್ಲ.

ಈಗ ಮಲ್ಪೆಗೆ ಬನ್ನಿ. ನಮ್ಮ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಆಳೆತ್ತರವೂ ಇಲ್ಲ. ಅದು ಎಂಟು ಪಟ್ಟಾದರೆ? ಇಳಿತದ ಹೊತ್ತಿಗೆ ಬೋಟುಗಳೆಲ್ಲ ಕೆಸರಲ್ಲಿ ವಾಲಿಕೊಂಡಿರುತ್ತವೆ. ಉಬ್ಬರದಲ್ಲಿ ಸೀತಾ, ಸ್ವರ್ಣಾ ಎರಡೂ ಹೊಳೆಗಳ ಅಳಿವೆಯಿಂದ ಉಪ್ಪುನೀರು ನುಗ್ಗಿ ನಿಮ್ಮ ಕಡೆಯ ಬಾವಿಗಳ ನೀರು ಬಾಯಿಗಿಡಲಿಕ್ಕಾಗದು. ಗದ್ದೆಯ ಕಥೆ ಮುಗಿಯಿತು. ಕೋಡಿಬೆಂಗ್ರೆಯ ಆ ಮರಳಿನ ಪಟ್ಟಿ ಉಳಿಯುವುದೇ ಸಂಶಯ. ಹಾಗಾದರೆ ಜನ ಮನೆ ಕಟ್ಟುವುದು ಎಲ್ಲಿ? ಮೀನಿನ ಹೆಂಗಸರು ಬುಟ್ಟಿ ಹೊರುವುದು ಯಾವ ಹೊತ್ತಿಗೆ? ಹೆಣ್ಣು ಕೊಡುವವರು ಮೊದಲು ಕೇಳುವುದು ಹುಡುಗನ ಮನೆ ಎಷ್ಟು ಎತ್ತರದಲ್ಲಿದೆ ಅಂತಲೇ ಇರಬೇಕು.

ಅಲ್ಲಿಂದ ಉಡುಪಿ ಪೇಟೆಗೆ. ಹತ್ತಿರದ ಚಂದ್ರ ಬೇಗ ಸುತ್ತುತ್ತಾನೆ, ಸುಮಾರು 10 ದಿನಕ್ಕೆ ಅವನ ಒಂದು ತಿಂಗಳು ಮುಗಿಯುತ್ತದೆ. ಅಂದರೆ 5 ದಿನಕ್ಕೊಂದು ಏಕಾದಶಿ! ತಿಥಿ ಇರುವುದೂ ಬರೀ 8 ಗಂಟೆ. ಬೆಳಿಗ್ಗೆ ಹಿಡಿದ ಉಪವಾಸಕ್ಕೆ ಮಧ್ಯಾಹ್ನವೇ ಪಾರಣೆ ಮಾಡಬಹುದೋ, ಮರುದಿನದವರೆಗೆ ಕಾಯಬೇಕೋ? ಒಂದು ಮನೆಯವರು ಹತ್ತಿರದವನ ಪಂಚಾಂಗ ಹಿಡಿಯುತ್ತಾರೆ, ಪಕ್ಕದ ಮನೆಯವರು ದೂರದವನದ್ದು. ಕೆಲವರಿಗೆ ಸೌರಮಾನ ಯುಗಾದಿ, ಕೆಲವರಿಗೆ ಚಾಂದ್ರಮಾನ ಅಂತ ಈಗಲೇ ಎರಡಿರುವ ಊರು ನಮ್ಮದು. ಮೂರನೆಯದು ಜಗಳ ಇಲ್ಲದೆ ಬರುತ್ತದಾ? ನನಗೆ ಕಥೆ ಕಾಣುವುದು ಈ ಜಗಳದಲ್ಲಿ. ಇಷ್ಟು ದೊಡ್ಡ ಎರಡು ಚಂದ್ರರು ಒಬ್ಬರನ್ನೊಬ್ಬರು ಎಳೆದಾಡಿ ಹೆಚ್ಚು ಕಾಲ ನೆಟ್ಟಗೆ ಇರಲಿಕ್ಕಿಲ್ಲ ಅಂತ ಭೌತಶಾಸ್ತ್ರದವರು ತಕರಾರು ತೆಗೆಯಬಹುದು. ತೆಗೆಯಲಿ. ಆ ಭಯ ಅಲ್ಲಿನ ಜೋಯಿಸರಿಗೂ ಇರಲಿ, ಕಥೆಗೆ ಒಳ್ಳೆಯದೇ.

ನಮಗೆ ಬರುವ ಹಸ್ತಪ್ರತಿಗಳಲ್ಲಿ ಸಿಗದಿರುವುದು ಇಂಥದ್ದೇ. ನಾಲಿಗೆ ಹೊರಳದ ಹೆಸರುಗಳು ಧಾರಾಳ. ರಾಜವಂಶದ ಚರಿತ್ರೆ ಪುಟಗಟ್ಟಲೆ. ಆದರೆ ಆ ರಾಜ್ಯದಲ್ಲಿ ಒಬ್ಬನಾದರೂ ಊಟ ಮಾಡುವುದಿಲ್ಲ, ಸಾಲ ಮಾಡುವುದಿಲ್ಲ. ಬೆಂಕಿ ಉಗುಳುವ ಹಾವು, ಕೊನೆಗೆ ಪಟ್ಟಾಭಿಷೇಕ. ಓಡಿಹೋಗುವ ಕಥೆ ಅಂತ ನೀವು ಇವನ್ನು ಬೈದರೆ ನನ್ನ ತಕರಾರಿಲ್ಲ, ನಾವೂ ವಾಪಸ್ ಕಳಿಸುತ್ತೇವೆ. 1965ರಲ್ಲಿ ಬಂದ ಫ್ರಾಂಕ್ ಹರ್ಬರ್ಟರ 'ಡ್ಯೂನ್' ನೋಡಿ. ಮರಳುಗಾಡಿನ ಗ್ರಹ, ನೀರಿಗೆ ತತ್ವಾರ. ಅಲ್ಲಿನ ಮುಖಂಡನೊಬ್ಬ ಹೊಸದಾಗಿ ಬಂದ ದೊರೆಯ ಎದುರು ಮೇಜಿನ ಮೇಲೆ ಉಗುಳುತ್ತಾನೆ. ಅದು ಮರ್ಯಾದೆ! ಮೈಯ ನೀರನ್ನೇ ಕೊಟ್ಟ ಹಾಗೆ. ನಮ್ಮ ಮಳೆಯಲ್ಲಿ ಕೂತು ಓದಿದರೂ ಬಾಯಿ ಒಣಗುತ್ತದೆ.

ಇಲ್ಲದ ಲೋಕ ನಮ್ಮವರಿಗೆ ಹೊಸತೂ ಅಲ್ಲ. ಯಕ್ಷಗಾನ ಬಯಲಾಟದಲ್ಲಿ ವೇಷಧಾರಿ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಭೂಲೋಕದಿಂದ ಸ್ವರ್ಗಕ್ಕೆ ಮುಟ್ಟಿದ. ಯಾವ ಬಸ್ಸಿಗೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಆದರೆ ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸದೆ ಸುಮ್ನೆ ನಡೆದು ಬರಲಿ ನೋಡೋಣ. "ಇದೆಂತ ಪ್ರವೇಶ ಮಾರಾಯ್ರೆ" ಅಂತ ಎದುರು ಕೂತವರೇ ಎಬ್ಬಿಸುತ್ತಾರೆ. ಲೋಕ ಎಷ್ಟು ವಿಚಿತ್ರ ಇದ್ದರೂ ಒಪ್ಪುತ್ತಾರೆ, ಅದರ ಕಟ್ಟುಪಾಡು ತಪ್ಪಿದರೆ ಬಿಡುವುದಿಲ್ಲ.

ಇದ್ದದ್ದನ್ನು ಬಿಟ್ಟು ಓಡುವ ಮಾತಿಗೆ ಬಂಗಾಳದ ರೊಕೆಯಾ ಸಖಾವತ್ ಹುಸೇನರನ್ನು ನೆನೆಯಬೇಕು. ಪರದೆಯೊಳಗೆ ಬೆಳೆದವರು. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅವರ 'ಸುಲ್ತಾನಾಳ ಕನಸು' ಪ್ರಕಟವಾಯಿತು. ಅಲ್ಲಿ ಹೆಂಗಸರು ರಾಜ್ಯ ಆಳುತ್ತಾರೆ, ಬಿಸಿಲಿನ ಶಾಖದಲ್ಲಿ ಅಡುಗೆ ಮಾಡುತ್ತಾರೆ, ಮೋಡದಿಂದಲೇ ನೀರು ಇಳಿಸುತ್ತಾರೆ. ಗಂಡಸರು ಮನೆಯೊಳಗೆ. ಪರದೆಯನ್ನು ಗಂಡಸರ ಕಡೆ ತಿರುಗಿಸಿ, ಈಗ ಹೇಗಿದೆ ಅಂತ ಕೇಳಿದ ಕಥೆ. ಇದರಲ್ಲಿ ಓಡಿಹೋದವರು ಯಾರು, ನೀವೇ ಹೇಳಿ.

ಮಳೆಗಾಲ ಕಳೆದ ಮೇಲೆ ಮೊಮ್ಮಗನನ್ನು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ. ಆ ಕಂಬದ ಹಾಗಿನ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. ಯಾವ ಕಂಬಕ್ಕೆ ಐದು ಮುಖ, ಯಾವುದಕ್ಕೆ ಆರು ಅಂತ ಎಣಿಸಲಿ. ಆಮೇಲೆ ಕಥೆ ಬರೆದು ಕಳಿಸಲಿ, ನಕ್ಷೆಯೂ ಜೊತೆಗಿರಲಿ. ಆದರೆ ಉಪ್ಪುನೀರು ಎಲ್ಲಿಯವರೆಗೆ ಬರುತ್ತದೆ ಅಂತ ಅದರಲ್ಲಿ ಗೆರೆ ಹಾಕಿರಬೇಕು. ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ, ನಿಮ್ಮ ಮೊಮ್ಮಗ ಅಂತ ನೋಡುವುದಿಲ್ಲ.