ಜ್ಯಾಕ್ ಮೇಲೇರದಿದ್ದರೆ ಮೊದಲು ರಾಡ್ ಒರೆಸಿ

ಪ್ರಶ್ನೆ: ನಮ್ಮ ಮೋಟರ್‌ಹೋಮ್ (ಒಳಗೇ ವಾಸ ಮಾಡುವ ಗಾಡಿ) ಮಟ್ಟ ಮಾಡೋಕೆ ನಾಲ್ಕು ಹೈಡ್ರಾಲಿಕ್ ಜ್ಯಾಕ್‌ಗಳಿವೆ. ಸರಿಯಾಗಿ ಇಳಿಯುತ್ತವೆ, ಹಿಂದಿನ ಎರಡು ಮೇಲೆ ಹೋಗಲು ಮಾತ್ರ ಸತಾಯಿಸುತ್ತವೆ. ಸಿಲಿಂಡರ್‌ನಿಂದ ಹೊರಬರುವ ರಾಡ್‌ಗಳಿಗೆ ಗ್ರೀಸ್ ಬಳಿದೆ. ಕೆಲವು ದಿನ ಪರವಾಗಿಲ್ಲ ಅನಿಸಿತು, ಈಗ ಇನ್ನೂ ಹದಗೆಟ್ಟಿದೆ. ಪಂಪ್ ಬದಲಾಯಿಸಬೇಕಾ?

ಉತ್ತರ: ಪಂಪ್‌ಗೆ ಈಗಲೇ ದುಡ್ಡು ಸುರಿಯಬೇಡಿ. ನಿಮ್ಮ ಜ್ಯಾಕ್ ಪಕ್ಕದಲ್ಲಿ ದಪ್ಪ ಸ್ಪ್ರಿಂಗ್‌ಗಳಿವೆಯಾ ನೋಡಿ. ಅಂಥ ಜ್ಯಾಕ್‌ಗಳಲ್ಲಿ ಪಂಪ್ ಕೆಳಕ್ಕೆ ತಳ್ಳುತ್ತದೆ, ಅಷ್ಟೇ. ಮೇಲಕ್ಕೆ ಎಳೆಯುವುದು ಸ್ಪ್ರಿಂಗ್. ವಾಲ್ವ್ ತೆರೆದಾಗ ರಾಡನ್ನು ಒಳಗೆಳೆದು, ಸಿಲಿಂಡರ್‌ನಲ್ಲಿದ್ದ ಆಯಿಲನ್ನು ಟ್ಯಾಂಕ್‌ಗೆ ವಾಪಸ್ ದೂಡುವ ಕೆಲಸವೂ ಅದರದ್ದೇ. ರಾಡ್ ಮೇಲೆ ಕೊಳೆ ಕೂತರೆ ಪಂಪ್‌ಗೆ ಲೆಕ್ಕವೇ ಇಲ್ಲ. ಸ್ಪ್ರಿಂಗ್ ಮಾತ್ರ ಒದ್ದಾಡುತ್ತದೆ.

ಇನ್ನು ಗ್ರೀಸ್. ರಸ್ತೆಯ ದೂಳು, ಮರಳೆಲ್ಲ ಅದಕ್ಕೆ ಅಂಟಿ ಸಾಣೆಪುಡಿಯ ಹಾಗಾಗುತ್ತದೆ. ರಾಡ್ ಮೇಲಕ್ಕೆ ಹೋಗುವಾಗಲೆಲ್ಲ, ಆಯಿಲ್ ಸೋರದಂತೆ ಅದರ ಸುತ್ತ ಕೂತಿರುವ ಸೀಲ್ ಈ ಪುಡಿಗೆ ಉಜ್ಜಿಕೊಳ್ಳುತ್ತದೆ. ಮೊದಲು ಆ ಗ್ರೀಸ್ ತೆಗೆಯಿರಿ.

ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಕ್ಕೆ ಅಡೆ ಕೊಡಿ. ಜ್ಯಾಕ್‌ಗಳನ್ನು ನೆಲ ಮುಟ್ಟುವಷ್ಟು ಮಾತ್ರ ಇಳಿಸಿ, ಗಾಡಿಯ ಭಾರ ಚಕ್ರದ ಮೇಲೇ ಇರಬೇಕು. ಆಮೇಲೆ ಕೀ ತೆಗೆದು, ಹೊರಗಿನಿಂದ ಕೈಚಾಚಿ ಕೆಲಸ ಮಾಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಹೋಸ್ ಒಡೆದರೆ ಹೊರಗೆ ಬರಲು ಸಮಯ ಸಿಗುವುದಿಲ್ಲ. ಎಳೆದು ನಿಂತ ಸ್ಪ್ರಿಂಗ್‌ಗೂ ಕೈ ಹಾಕಬೇಡಿ.

ನೂಲು ಬಿಡದ ಬಟ್ಟೆಯಿಂದ ರಾಡ್ ಸುತ್ತ ಒರೆಸಿ. ಸೀಲ್‌ನ ಅಂಚಿನಲ್ಲಿ ಕಪ್ಪು ಉಂಗುರದ ಹಾಗೆ ಕೊಳೆ ಕೂತಿರುತ್ತದೆ, ಅಸಲಿ ಕಳ್ಳ ಅದೇ. ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಬೇಡಿ. ಈಗ ಉಗುರನ್ನು ರಾಡ್ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ರಾಡ್‌ನ ಕ್ರೋಮ್ ಲೇಪ ಕಿತ್ತಿದೆ ಅಂತ ಅರ್ಥ. ಅಲ್ಲಿ ಸೀಲ್ ಹರಿಯುತ್ತದೆ, ಮೆಕ್ಯಾನಿಕ್‌ಗೆ ತೋರಿಸಿ. ಉಪ್ಪುಕಾಗದ ಹಾಕಿ ಉಜ್ಜುವ ಸಾಹಸ ಮಾತ್ರ ಬೇಡ.

ಕೊನೆಗೆ, ಒಣಗಿದ ಮೇಲೆ ಜಿಡ್ಡು ಉಳಿಯದ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆದು, ಜ್ಯಾಕನ್ನು ಕೆಲವು ಸಲ ಇಳಿಸಿ ಏರಿಸಿ. ಆಗಲೂ ತಡವರಿಸಿದರೆ ಸ್ಪ್ರಿಂಗ್ ಸಡಿಲಾಗಿದೆಯೋ ವಾಲ್ವ್ ಕಟ್ಟಿದೆಯೋ ನೋಡಿಸಿ. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿ ಸ್ವಲ್ಪ ನಿಧಾನವಾಗುವುದು ಸಹಜ. ಗ್ರೀಸ್ ಬೇಕಾದದ್ದು ಮಡಚುವ ಜ್ಯಾಕ್‌ಗಳ ಕೀಲುಗಳಿಗೆ, ಅದೂ ಅಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇದ್ದರೆ.

ಪ್ರಶ್ನೆ: ಜ್ಯಾಕ್ ಆಯಿಲ್ ಮಟ್ಟ ಯಾವಾಗ ನೋಡಬೇಕು? ಯಾವ ಆಯಿಲ್ ಹಾಕಲಿ?

ಉತ್ತರ: ಎಲ್ಲ ಜ್ಯಾಕ್ ಪೂರ್ತಿ ಮೇಲಿದ್ದಾಗ. ಕೆಳಗಿದ್ದಾಗ ನೋಡಿ ತುಂಬಿಸಿದರೆ, ಮೇಲೆತ್ತಿದ ಕೂಡಲೇ ಟ್ಯಾಂಕ್‌ನಿಂದ ಉಕ್ಕುತ್ತದೆ. ಹಲವು ಗಾಡಿಗಳಲ್ಲಿ ಆಟೊಮ್ಯಾಟಿಕ್ ಗೇರ್‌ಗೆ ಹಾಕುವ ಎಟಿಎಫ್ ಬಳಸುತ್ತಾರೆ, ಆದರೆ ಎಲ್ಲದರಲ್ಲೂ ಅಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿ. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ, ಸೀಲ್ ಉಬ್ಬಿ ಹಾಳಾಗುತ್ತದೆ. ಆಯಿಲ್ ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಾಯಿಸಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗವನ್ನು ಬೆರಳಿಂದ ತಡಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒತ್ತಡದಲ್ಲಿ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ.