ಆಟೋಪೈಲಟ್‌ಗೆ ಕಣ್ಣಿಲ್ಲ

ಬಯಲು ನೀರಿನಲ್ಲಿ ದೋಣಿಯನ್ನು ಆಟೋಪೈಲಟ್‌ಗೆ ಹಾಕಿ ಎರಡು ನಿಮಿಷ ಫೋನ್ ನೋಡಿದರೆ ಏನು ತೊಂದರೆ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. 20 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಎರಡು ನಿಮಿಷಕ್ಕೆ 1,200 ಮೀಟರ್. ಎದುರಿನವರೂ ಅಷ್ಟೇ ವೇಗದಲ್ಲಿ ಬರುತ್ತಿದ್ದರೆ ಅದರ ಎರಡರಷ್ಟು ದೂರ ಕರಗಿಹೋಗುತ್ತದೆ. ಆಟೋಪೈಲಟ್ ಹಾಕಿಕೊಟ್ಟ ದಿಕ್ಕು ಬಿಡುವುದಿಲ್ಲ, ಅಷ್ಟೇ. ಎದುರಿಗೆ ಏನಿದೆ ಅಂತ ಅದು ನೋಡುವುದಿಲ್ಲ.

ನನಗೆ ಜಾಸ್ತಿ ಹೆದರಿಕೆ ಅಡ್ಡ ಬರುವ ದೋಣಿಯದು. ಡಿಕ್ಕಿಯಾಗುವ ದಾರಿಯಲ್ಲಿರುವ ದೋಣಿ ನಮ್ಮ ಕಣ್ಣಿಗೆ ಪಕ್ಕಕ್ಕೆ ಸರಿಯುವುದೇ ಇಲ್ಲ, ಇದ್ದಲ್ಲೇ ಇದ್ದು ಸುಮ್ನೆ ದೊಡ್ಡದಾಗುತ್ತಾ ಹೋಗುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಮರೆಯಾಗಿದ್ದರೆ ಕೊನೆವರೆಗೂ ಮರೆಯಾಗಿಯೇ ಇರಬಹುದು. ಅದಕ್ಕೇ ಆಗಾಗ ತಲೆಯನ್ನು ಆಚೆ ಈಚೆ ಸರಿಸಿ ನೋಡಬೇಕು. ಅನುಮಾನ ಬಂದರೆ, ನೀವು ಕೂತಲ್ಲಿಂದ ಕದಲದೆ, ಆ ದೋಣಿ ನಿಮ್ಮ ದೋಣಿಯ ಅಂಚಿನ ಕಂಬಿಯ ಯಾವ ಗೂಟದ ನೇರಕ್ಕಿದೆ ಅಂತ ಗುರುತು ಹಿಡಿದು ನೋಡಿ. ಅಲ್ಲೇ ನಿಂತಿದ್ದರೆ ಕಾಯಬೇಡಿ, ಕೂಡಲೇ ವೇಗ ಇಳಿಸಿ.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದು ಇದೇ: ಕಣ್ಣು, ಕಿವಿ ಎರಡರಿಂದಲೂ ಸದಾ ಕಾವಲು. ಫೋನ್ ನೋಡಲೇಬೇಕಾ? ಚುಕ್ಕಾಣಿಯನ್ನು ಇನ್ನೊಬ್ಬರ ಕೈಗೆ ಕೊಡಿ, "ಈಗ ನೀವು ನೋಡ್ತಿದ್ದೀರಿ ಅಲ್ವಾ?" ಅಂತ ಬಾಯಿಬಿಟ್ಟು ಕೇಳಿಯೇ ಕೊಡಿ.