ವಿಮಾನಕ್ಕಿಂತ ಮೊದಲಿನ ಎಂಟು ಕಿಲೋಮೀಟರ್

ಹೋದ ಸಂಚಿಕೆಯಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದ ಬಗ್ಗೆ ಬರೆದದ್ದು ಒಂದೇ ಸಾಲು. ಅದಕ್ಕೆ ಬಂದ ಪತ್ರಗಳಲ್ಲಿ ವಿಮಾನದ ಬಗ್ಗೆ ಯಾರೂ ಏನೂ ಕೇಳಿಲ್ಲ. ಎಲ್ಲರಿಗೂ ಬೇಕಾಗಿರುವುದು ಅಲ್ಲಿಗೆ ಮುಟ್ಟುವ ದಾರಿ. ಹುಬ್ಬಳ್ಳಿಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ನಡೆಸಿದವಳು ನಾನು. ಕೌಂಟರಿನಲ್ಲೂ ಇದೇ ಕಥೆ. ಟಿಕೆಟ್ ಕೈಗೆ ಬಂದ ಮೇಲೆ ಜನ ಮೆಲ್ಲಗೆ ಕೇಳುತ್ತಿದ್ದರು: "ಅಕ್ಕಾರ, ಸ್ಟೇಷನ್ನಿನಿಂದ ಅಲ್ಲಿಗೆ ಹ್ಯಾಂಗ ಹೋಗೂದು?" ಈ ಸಲ ಆ ಪತ್ರಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟು, ಅಲ್ಲಲ್ಲೇ ಉತ್ತರಿಸಿದ್ದೇನೆ. ಮೊದಲನೆಯದು ಗದಗಿನ ಮಾಸ್ತರರೊಬ್ಬರದು.

ನಾನು ಗದಗಿನವನು, ನಿವೃತ್ತ ಶಿಕ್ಷಕ. ನಾನು ಮತ್ತು ನನ್ನ ಹೆಂಡತಿ ಮುಂಬೈಗೆ ಮಗಳ ಮನೆಗೆ ಹೊರಟಿದ್ದೇವೆ. ಹುಬ್ಬಳ್ಳಿಯಿಂದ ವಿಮಾನ. ರೈಲು ಹುಬ್ಬಳ್ಳಿ ಮುಟ್ಟಿದ ಮೇಲೆ ವಿಮಾನಕ್ಕೆ ಎರಡು ಗಂಟೆಗಿಂತ ತುಸು ಕಮ್ಮಿ ಸಮಯ ಇದೆ. ಸಾಕಾಗುತ್ತದೆಯೇ?

ಸಾಕಾಗುವುದಿಲ್ಲ ಮಾಸ್ತರ್‌ರೇ. ಕಾಗದದ ಮೇಲೆ ಸಾಕು, ರಸ್ತೆಯ ಮೇಲೆ ಸಾಲದು.

ಲೆಕ್ಕ ಹಾಕೋಣ. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಗಂಟೆಯೂ ಇಲ್ಲ. ಅಷ್ಟರಲ್ಲಿ ಮೊದಲು ಸ್ಟೇಷನ್ನಿನಿಂದ ಹೊರಗೆ ಬರಬೇಕು. ನಮ್ಮ ಸ್ಟೇಷನ್ನಿನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ್ದು. ಜಗತ್ತಿಗೇ ಉದ್ದದ್ದು ಅಂತ ನಮಗೆಲ್ಲ ಹೆಮ್ಮೆ. ಆದರೆ ಮೊಣಕಾಲು ನೋವಿರುವವರು ಎರಡು ಬ್ಯಾಗ್ ಹಿಡಿದುಕೊಂಡು ಕೊನೇ ಡಬ್ಬಿಯಿಂದ ಇಳಿದರೆ ಆ ಹೆಮ್ಮೆ ಅಲ್ಲೇ ಇಳಿದುಹೋಗುತ್ತದೆ.

ಆಮೇಲೆ ಎಂಟು ಕಿಲೋಮೀಟರ್ ಆಟೊ. ದೂರ ಏನೂ ಅಲ್ಲ, ಆದರೆ ನಡುವೆ ಚೆನ್ನಮ್ಮ ಸರ್ಕಲ್ ಇದೆ. ಊರಿನ ಎಲ್ಲ ರಸ್ತೆಗಳೂ ಅಲ್ಲಿಗೇ ಬಂದು ಸೇರುತ್ತವೆ. ಮೇಲ್ಸೇತುವೆ ಕೆಲಸ ಶುರುವಾದ ಮೇಲಂತೂ ಇವತ್ತು ಹತ್ತು ನಿಮಿಷಕ್ಕೆ ದಾಟಿದ ಜಾಗಕ್ಕೆ ನಾಳೆ ಅರ್ಧ ಗಂಟೆ. ಅಲ್ಲಿಂದ ಹೊಸೂರು, ಹೊಸೂರಿನಿಂದ ಗೋಕುಲ ರಸ್ತೆ. ಆ ರಸ್ತೆಯಲ್ಲಿ ಸೀದಾ ಹೋದರೆ ವಿಮಾನ ನಿಲ್ದಾಣ.

ಇನ್ನೊಂದು ಮಾತು. ನಿಮ್ಮ ರೈಲಿನ ಟಿಕೆಟ್ ಬೇರೆ, ವಿಮಾನದ ಟಿಕೆಟ್ ಬೇರೆ. ರೈಲು ತಡವಾಯಿತು ಅಂತ ವಿಮಾನದವರು ದುಡ್ಡು ವಾಪಸ್ ಕೊಡುವುದಿಲ್ಲ. ರೈಲಿನವರೂ ಅಷ್ಟೇ. ಆದ್ದರಿಂದ ಒಂದು ರೈಲು ಮೊದಲಿನದನ್ನು ಹಿಡಿಯಿರಿ. ಗದಗ-ಹುಬ್ಬಳ್ಳಿ ನಡುವೆ ಅಜಮಾಸು 58 ಕಿಲೋಮೀಟರ್, ರೈಲಿಗೇನೂ ಬರವಿಲ್ಲ.

ನನ್ನನ್ನೇ ಕೇಳಿದರೆ, ಬಸ್ಸಿಗೆ ಬನ್ನಿ ಅನ್ನುತ್ತೇನೆ. ಗೋಕುಲ ರಸ್ತೆಯಲ್ಲೇ ಒಂದು ದೊಡ್ಡ ಬಸ್ ನಿಲ್ದಾಣ ಇದೆ. ನಾವು ಇವತ್ತಿಗೂ ಅದನ್ನು ಹೊಸ ಬಸ್‌ಸ್ಟ್ಯಾಂಡ್ ಅಂತಲೇ ಕರೆಯುತ್ತೇವೆ. ಅಲ್ಲಿ ಇಳಿದರೆ ಚೆನ್ನಮ್ಮ ಸರ್ಕಲ್ ಬೆನ್ನ ಹಿಂದೆ ಬಿದ್ದಿರುತ್ತದೆ, ವಿಮಾನ ನಿಲ್ದಾಣ ಅದೇ ರಸ್ತೆಯಲ್ಲಿ ಮುಂದೆ. ಹತ್ತುವ ಮೊದಲು ಮಾತ್ರ ಕಂಡಕ್ಟರ್‌ಗೆ ಬಾಯಿಬಿಟ್ಟು ಕೇಳಿ: ಈ ಬಸ್ಸು ಗೋಕುಲ ರೋಡಿನ ಸ್ಟ್ಯಾಂಡಿಗೆ ಹೋಗುತ್ತದೆಯೋ, ಹಳೇ ಬಸ್‌ಸ್ಟ್ಯಾಂಡಿನಲ್ಲೇ ಇಳಿಸುತ್ತದೆಯೋ ಅಂತ. ಹುಬ್ಬಳ್ಳಿಯಲ್ಲಿ ಹಳೇ ಸ್ಟ್ಯಾಂಡು, ಹೊಸ ಸ್ಟ್ಯಾಂಡು, ಹೊಸೂರಿನದು, ನಗರ ಬಸ್ಸಿನ ಸಿಬಿಟಿ ಎಲ್ಲ ಬೇರೆ ಬೇರೆ. "ಹುಬ್ಬಳ್ಳಿಗೆ ಹೋಗ್ತದ" ಅಂದರೆ ಏನೂ ಹೇಳಿದಂತೆ ಆಗಲಿಲ್ಲ.

ಮಗಳಿಗೆ ಉಪ್ಪಿನಕಾಯಿ ಒಯ್ಯುತ್ತಿದ್ದರೆ ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆ. ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಯಾರೂ ತಕರಾರು ಮಾಡಿದ್ದು ನಾನು ಕೇಳಿಲ್ಲ.

ನಮ್ಮ ಮನೆ ಧಾರವಾಡದಲ್ಲಿ. ಮಗಳು ಮೊದಲ ಸಲ ವಿಮಾನದಲ್ಲಿ ಬರುತ್ತಿದ್ದಾಳೆ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸಿನಲ್ಲಿ ಬರಬಹುದಾ? ಅದರಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆಯಾ?

ಧಾರಾಳವಾಗಿ ಬರಬಹುದು. ಆದರೆ ಚಿಗರಿ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು, ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ. ಅದರ ದಾರಿ ಹುಬ್ಬಳ್ಳಿ-ಧಾರವಾಡ ಮುಖ್ಯರಸ್ತೆಯ ನಡುವೆ. ಮಗಳು ನಿಲ್ದಾಣದ ಹೊರಗೆ ಆಟೊ ಹಿಡಿದು ಹೊಸೂರಿಗೆ ಬರಲಿ, ಅಲ್ಲಿಂದ ಚಿಗರಿ. ಎಷ್ಟೋ ಜನ ಗೊತ್ತಿಲ್ಲದೆ ರೈಲ್ವೆ ಸ್ಟೇಷನ್ನಿಗೇ ಹೋಗಿಬಿಡುತ್ತಾರೆ. ಸುಮ್ನೆ ಚೆನ್ನಮ್ಮ ಸರ್ಕಲ್ ದಾಟಿ ಹೋಗಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬಂದಂತೆ.

ಚಿಗರಿಯ ಒಳ್ಳೆಯ ಗುಣ ಅದರ ಕಟ್ಟೆ. ಬಸ್ಸಿನ ನೆಲ, ನಿಲ್ದಾಣದ ನೆಲ ಒಂದೇ ಮಟ್ಟದಲ್ಲಿ ಇರುವುದರಿಂದ ಗಾಲಿ ಬ್ಯಾಗನ್ನು ಎತ್ತುವ ಕೆಲಸವೇ ಇಲ್ಲ, ಹಾಗೇ ಎಳೆದುಕೊಂಡು ಒಳಗೆ ಹೋಗಬಹುದು. ಟಿಕೆಟ್ ಒಳಗೆ ಹೋಗುವ ಮೊದಲೇ ತೆಗೆದುಕೊಳ್ಳಬೇಕು. ಕೆಲವು ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತವೆ, ಕೆಲವು ನೇರ ಹೋಗುತ್ತವೆ. ನಿಮ್ಮ ಮನೆ ವಿದ್ಯಾಗಿರಿಯ ಕಡೆಯೋ, ಜುಬಿಲಿ ಸರ್ಕಲ್ ಕಡೆಯೋ ನೋಡಿಕೊಂಡು ಹತ್ತಲು ಹೇಳಿ. ಕಷ್ಟ ಇರುವುದು ಒಂದೇ ಕಡೆ. ನಿಲ್ದಾಣ ರಸ್ತೆಯ ನಡುವೆ ಇದೆ. ಆಟೊ ಇಳಿದು ಅಲ್ಲಿಗೆ ಮುಟ್ಟಲು ಸಾಮಾನು ಸಮೇತ ಅರ್ಧ ರಸ್ತೆ ದಾಟಬೇಕು.

ಚಿಗರಿ ಎಸಿ ಬಸ್. ಶಕ್ತಿ ಯೋಜನೆ ಎಸಿ ಬಸ್ಸುಗಳಿಗೆ ಇಲ್ಲ, ಟಿಕೆಟ್ ತೆಗೆದುಕೊಳ್ಳಲೇಬೇಕು. ಗೋಕುಲದ ಕಡೆ ಓಡಾಡುವ ಸಾದಾ ನಗರ ಬಸ್ಸುಗಳಲ್ಲಿ ಉಚಿತ ಇದೆ, ಆಧಾರ್ ಕಾರ್ಡ್ ಕೈಯಲ್ಲಿರಲಿ. ಆದರೆ ಆ ಬಸ್ಸು ತನ್ನ ಸಮಯಕ್ಕೆ ಬರುತ್ತದೆ, ವಿಮಾನ ಇಳಿಯುವ ಸಮಯಕ್ಕಲ್ಲ. ಹಗಲಾದರೆ ಕಾಯಲಿ. ಕತ್ತಲಾದ ಮೇಲೆ ಬರುವುದಾದರೆ ನಾಲ್ಕು ದುಡ್ಡು ಹೋದರೆ ಹೋಗಲಿ, ಅಲ್ಲಿಂದಲೇ ಕಾರು ಮಾಡಿಕೊಂಡು ನೇರ ಮನೆಗೆ ಬರಲು ಹೇಳಿ. ನನ್ನ ಮಗಳಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಯರಗಟ್ಟಿಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಬೆಳಗಾವಿ ಸಿಬಿಟಿಗೆ ಹೋಗಿ ಅಲ್ಲಿಂದ ನಗರ ಬಸ್ ಹಿಡಿಯಬೇಕಾ?

ಬೇಡವೇ ಬೇಡ! ಯರಗಟ್ಟಿಯಿಂದ ನೇಸರ್ಗಿ ಮೇಲೆ ಬೆಳಗಾವಿಗೆ ಹೋಗುವ ಬಸ್ಸು ಊರು ಮುಟ್ಟುವ ಮೊದಲೇ ಸಾಂಬ್ರಾ ದಾಟುತ್ತದೆ. ಬಾಗಲಕೋಟೆ ರಸ್ತೆ ಅದು. ಊರಿನೊಳಗೆ ಹೋಗಿ ಹತ್ತು ಕಿಲೋಮೀಟರ್ ತಿರುಗಿ ಬರುವುದು ಯಾಕೆ? ಬಸ್ಸು ಸಾಂಬ್ರಾದಲ್ಲಿ ನಿಲ್ಲುತ್ತದೆಯಾ ಅಂತ ಹತ್ತುವಾಗಲೇ ಕೇಳಿಕೊಳ್ಳಿ, ತಡೆರಹಿತ ಬಸ್ಸಾದರೆ ಬಿಟ್ಟುಬಿಡಿ. ಇಳಿದಾಗ "ಏರ್‌ಪೋರ್ಟ್ ಟರ್ಮಿನಲ್" ಅಂತ ಬಿಡಿಸಿ ಕೇಳಿ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರವೂ ಇದೆ. ಬರೀ "ಏರ್‌ಫೋರ್ಸ್" ಅಂದರೆ ಅದರ ಗೇಟಿಗೆ ಕಳಿಸಿಬಿಟ್ಟಾರು.

ರೈಲಿನಲ್ಲಿ ಬರುವವರದು ಬೇರೆ ಮಾತು. ಈಗ ಬೆಂಗಳೂರಿನಿಂದ ಬೆಳಗಾವಿಗೆ ವಂದೇ ಭಾರತ್ ಕೂಡ ಬರುತ್ತದೆ, 2025ರ ಆಗಸ್ಟಿನಲ್ಲಿ ಶುರುವಾಯಿತು. ಆದರೆ ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದವರು ಆಟೊ ಮಾಡಲೇಬೇಕು, ಇಲ್ಲವೇ ಸಿಬಿಟಿಗೆ ಹೋಗಿ ಸಾಂಬ್ರಾ ಬಸ್ ಹಿಡಿಯಬೇಕು.

ಶಿರಸಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ವಿಮಾನ ಹಿಡಿಯಬಹುದೇ?

ಶಿರಸಿಗೆ ರೈಲೇ ಇಲ್ಲವಲ್ಲ! ಹುಬ್ಬಳ್ಳಿ-ಅಂಕೋಲಾ ಮಾರ್ಗ ಆಗುತ್ತದೆ ಆಗುತ್ತದೆ ಅಂತ ಕೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಅದಾದರೂ ಶಿರಸಿ ಮೇಲೆ ಹೋಗುವ ಮಾರ್ಗವಲ್ಲ. ಮುಂಡಗೋಡ, ತಡಸದ ಮೇಲೆ ಬರುವ ಬಸ್ಸು ಹಿಡಿಯಿರಿ. ಮಳೆಗಾಲದಲ್ಲಿ ಒಂದು ತಾಸು ಜಾಸ್ತಿ ಇಟ್ಟುಕೊಳ್ಳಿ.

ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ರೈಲು ಹಳಿಯನ್ನೇ ಯಾಕೆ ಹಾಕಬಾರದು? ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮೂರಲ್ಲೇ ಇದೆಯಲ್ಲವೇ?

ಕಚೇರಿ ಇದ್ದಲ್ಲಿಗೆಲ್ಲ ಹಳಿ ಬರುತ್ತದೆ ಅಂತ ಎಲ್ಲಿದೆ? ಆ ಲೆಕ್ಕಕ್ಕೆ ಬಂದರೆ ನಮ್ಮ ಸರ್ಕಾರಿ ಬಸ್ಸು ಓಡಿಸುವ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವುದು ಗೋಕುಲ ರಸ್ತೆಯಲ್ಲೇ, ಆದರೂ ವಿಮಾನ ಇಳಿಯುವ ಸಮಯಕ್ಕೆ ಬಸ್ಸು ಬರುವುದಿಲ್ಲ.

ಬೆಂಗಳೂರಿನ ಉದಾಹರಣೆ ನೋಡಿ. ದೇವನಹಳ್ಳಿ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆ ಅಂತಲೇ ಒಂದು ಹಾಲ್ಟ್ ಕಟ್ಟಿದರು. 2021ರ ಜನವರಿಯಲ್ಲಿ ಅಲ್ಲಿ ರೈಲು ನಿಲ್ಲತೊಡಗಿತು. ಟಿಕೆಟ್ ಟ್ಯಾಕ್ಸಿಯ ಮುಂದೆ ಏನೇನೂ ಅಲ್ಲ. ಆದರೂ ಜನ ತುಂಬಲಿಲ್ಲ. ಹಾಲ್ಟಿನಿಂದ ಟರ್ಮಿನಲ್‌ಗೆ ಮತ್ತೆ ಬಸ್ ಹತ್ತಬೇಕು, ರೈಲುಗಳೋ ಕೆಲವೇ ಕೆಲವು. ಅಷ್ಟು ದೊಡ್ಡ ನಿಲ್ದಾಣದ ಕಥೆಯೇ ಹೀಗಾದರೆ ದಿನಕ್ಕೆ ಕೆಲವೇ ವಿಮಾನ ಬರುವ ನಮ್ಮೂರಿಗೆ ಹಳಿ ಹಾಕಿ ಏನು ಮಾಡುವುದು?

ನಮಗೆ ಬೇಕಾಗಿರುವುದು ಒಂದು ಸಾದಾ ಬಸ್ಸು. ವಿಮಾನ ಇಳಿದ ಮೇಲೆ ಅರ್ಧ ಗಂಟೆ ಕಾದು ಹೊರಡಬೇಕು. ಹೊಸ ಬಸ್‌ಸ್ಟ್ಯಾಂಡು, ಹೊಸೂರು, ರೈಲ್ವೆ ಸ್ಟೇಷನ್, ಈ ಮೂರೇ ಕಡೆ ನಿಲ್ಲಬೇಕು. ಬೋರ್ಡಿನ ಮೇಲೆ ವಿಮಾನದ ಚಿತ್ರ ಇರಬೇಕು. ವಿಮಾನ ತಡವಾದರೆ ಬಸ್ಸೂ ತಡವಾಗಿ ಹೊರಡಬೇಕು. ಇದೇ ದೊಡ್ಡ ಷರತ್ತು. ಅಷ್ಟು ಖಾಲಿ ಸೀಟು ಇಟ್ಟುಕೊಂಡು ಓಡಿಸಿದರೆ ನಷ್ಟ ಅನ್ನುತ್ತಾರೆ, ಅದೂ ಸುಳ್ಳಲ್ಲ. ಆದರೆ ಹೊಸ ಟರ್ಮಿನಲ್‌ಗೆ 2024ರ ಮಾರ್ಚಿನಲ್ಲಿ ಅಡಿಗಲ್ಲು ಹಾಕಿದ್ದಾರೆ. ಕಟ್ಟಡಕ್ಕೆ ಅಷ್ಟು ಹಣ ಇದ್ದರೆ ಬಸ್ಸಿನ ಡೀಸೆಲ್‌ಗೂ ಒಂದಿಷ್ಟು ತೆಗೆದಿಡಬಹುದು, ಅಲ್ವಾ?

ಪುಣೆಯ ಗೆಳೆಯರು ಹಂಪಿ ನೋಡಲು ಬರುತ್ತಾರಂತೆ. ಹುಬ್ಬಳ್ಳಿಗೆ ಬರಲು ಹೇಳಲೇ, ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರಲು ಹೇಳಲೇ?

ಹಂಪಿಗೆ ಹತ್ತಿರ ವಿದ್ಯಾನಗರವೇ. ಅವರಿಗೆ ಬೇಕಾದ ದಿನ ಅಲ್ಲಿಗೆ ವಿಮಾನ ಇದ್ದರೆ ಅಲ್ಲೇ ಇಳಿಯಲಿ, ತೋರಣಗಲ್ಲು ಹೊಸಪೇಟೆ-ಬಳ್ಳಾರಿ ರೈಲು ಮಾರ್ಗದಲ್ಲೇ ಇದೆ. ಇಲ್ಲದಿದ್ದರೆ ಹುಬ್ಬಳ್ಳಿ. ಇಲ್ಲಿಂದ ಗದಗ, ಕೊಪ್ಪಳದ ಮೇಲೆ ಹೊಸಪೇಟೆಗೆ ರೈಲಿದೆ. ಆದರೆ ಅವರೂ ಮಾಸ್ತರರ ಹಾಗೆ ಒಂದು ರೈಲು ಬಿಟ್ಟು ಮುಂದಿನದಕ್ಕೆ ಟಿಕೆಟ್ ಮಾಡಿಸಲಿ. ಹೊಸಪೇಟೆಯಿಂದ ಹಂಪಿಗೆ ಲೋಕಲ್ ಬಸ್ಸು ಓಡಾಡುತ್ತಲೇ ಇರುತ್ತವೆ.